ಮಣಿಕಟ್ಟಿನ ಜೋಮು ಮತ್ತು ಅಕ್ಯುಪಂಕ್ಚರ್: ಸೂಜಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ) ಕಿರಿಯರಿಗಾಗಿ ಈ ಟಿಪ್ಪಣಿ. ಮಂಗಳೂರಿನ ಆಸುಪಾಸಿನಲ್ಲಿ ಕೆಲಸ ಮಾಡುವವರಿಗೆ ಈ ದೂರು ಹೊಸದೇನಲ್ಲ: "ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗ್ತದೆ ಡಾಕ್ಟ್ರೇ, ಕೊಡವಿದ್ರೆ ಸ್ವಲ್ಪ ಸಮ ಆಗ್ತದೆ." ಹೇಳುವವರು ಬೀಡಿ ಕಟ್ಟುವವರಾಗಿದ್ದರೆ ಅವರ ಕೈಯನ್ನು ಗಮನಿಸಿ. ಎಲೆ ಸುತ್ತುವಾಗ ಹೆಬ್ಬೆರಳು, ತೋರುಬೆರಳು ಒತ್ತಿ ಹಿಡಿದೇ ಇರುತ್ತವೆ, ಮಣಿಕಟ್ಟು ಬಾಗಿಯೇ ಇರುತ್ತದೆ, ಇದೇ ಚಲನೆ ದಿನವಿಡೀ.

ಇದು ಹೆಚ್ಚಾಗಿ ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಹೋಗುವ ತೊಂದರೆ. ಈ ಸುರಂಗಕ್ಕೆ ಕೆಳಗೆ ಎಲುಬು, ಮೇಲೆ ಗಟ್ಟಿಯಾದ ಅಡ್ಡಪಟ್ಟಿ. ಒಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು, ಅವುಗಳ ಜೊತೆ ಮೀಡಿಯನ್ ನರ. ಒಳಗಿನ ಪೊರೆ ಊದಿಕೊಂಡರೆ ಸುರಂಗ ಹಿಗ್ಗುವುದಿಲ್ಲ, ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಾವಸ್ಥೆ ಇದ್ದರೆ ಸಾಧ್ಯತೆ ಹೆಚ್ಚು. ಆದ್ದರಿಂದ ಸಕ್ಕರೆ, ಟಿಎಸ್ಎಚ್ (ಥೈರಾಯ್ಡ್) ಪರೀಕ್ಷೆ ನೋಡದೆ ಮುಂದುವರಿಯಬೇಡಿ.

ಮೊದಲು ಕೇಳಬೇಕಾದ್ದು ಇಷ್ಟೇ: "ಅಕ್ಕಾ, ಕಿರುಬೆರಳೂ ಜೋಮು ಹಿಡಿತದಾ?" ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳು ಅಲ್ನಾರ್ ನರದ್ದು. ಜೋಮು ಕಿರುಬೆರಳಿನಲ್ಲೇ ಹೆಚ್ಚಿದ್ದರೆ ಆ ನರ ಹಾದುಬರುವ ಮೊಣಕೈ ನೋಡಿ. ಕುತ್ತಿಗೆಯಿಂದ ಇಳಿದು ಬರುವ ನೋವಾದರೆ ಕುತ್ತಿಗೆ ನೋಡಿ. ಮಣಿಕಟ್ಟು ಬಾಗಿಸಿ ಒಂದು ನಿಮಿಷ ಹಿಡಿಯುವ ಫೇಲೆನ್ ಪರೀಕ್ಷೆ ಸುಳಿವು ಕೊಡುತ್ತದೆ, ನರವಾಹಕತೆಯ ಪರೀಕ್ಷೆ ಖಚಿತಪಡಿಸುತ್ತದೆ.

ಇನ್ನು ಸೂಜಿ ಹಾಕುವ ಬಿಂದುಗಳು. ಪಿಸಿ ಅಂದರೆ ಅಕ್ಯುಪಂಕ್ಚರ್‌ನ ಪೆರಿಕಾರ್ಡಿಯಂ ರೇಖೆ. ಮಣಿಕಟ್ಟಿನ ಗೆರೆಯ ನಡುವೆ ಪಿಸಿ-7. ಅಲ್ಲಿಂದ ರೋಗಿಯದೇ ಮೂರು ಬೆರಳ ಅಗಲ ಮೊಣಕೈಯ ಕಡೆಗೆ, ಎರಡು ರಜ್ಜುಗಳ ನಡುವೆ ಪಿಸಿ-6. ಹೆಬ್ಬೆರಳು ಕಿರುಬೆರಳು ಜೋಡಿಸಿ ಮಣಿಕಟ್ಟು ತುಸು ಬಾಗಿಸಿದರೆ ರಜ್ಜು ಎದ್ದು ಕಾಣುತ್ತದೆ. ಕೆಲವರಿಗೆ ಈ ರಜ್ಜು (ಪಾಲ್ಮಾರಿಸ್ ಲಾಂಗಸ್) ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲಿ ಎಚ್ಚರ ಬೇಕು: ಅದೇ ಮೀಡಿಯನ್ ನರ ಸೂಜಿಯ ದಾರಿಯಲ್ಲೇ ಇದೆ. ಭಾರ, ಸೆಳೆತ ಅನ್ನಿಸಿದರೆ ಸರಿ. ಬೆರಳ ತುದಿಯವರೆಗೆ ಕರೆಂಟ್ ಹೊಡೆದಂತಾದರೆ ಸೂಜಿಯನ್ನು ಕೂಡಲೇ ಹಿಂದಕ್ಕೆ ತೆಗೆಯಿರಿ. ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಆಗಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಜೋಡಿಸುವ ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಡಬಾರದು.

ಫಲ ಎಷ್ಟು? ಚಿಕಿತ್ಸೆಗಳ ಪುರಾವೆ ಒಟ್ಟುಗೂಡಿಸಿ ತೂಗುವ ಕೋಕ್ರೇನ್ ಸಂಸ್ಥೆಯ 2018ರ ವಿಮರ್ಶೆ 12 ಅಧ್ಯಯನಗಳನ್ನು, 869 ಮಂದಿಯನ್ನು ಒಟ್ಟಿಗೆ ನೋಡಿತು. ಹುಸಿ ಚಿಕಿತ್ಸೆಗೆ ಹೋಲಿಸಿದರೆ ಅಲ್ಪಾವಧಿಯಲ್ಲಿ ಲಾಭ ಕಡಿಮೆ ಅಥವಾ ಇಲ್ಲವೇ ಇಲ್ಲ, ಪುರಾವೆಯೂ ದುರ್ಬಲ ಎಂದಿತು. ಇದನ್ನು ರೋಗಿಗೆ ಮುಚ್ಚಿಡುವುದು ಸರಿಯಲ್ಲ. ಆದರೂ 2017ರಲ್ಲಿ 'ಬ್ರೈನ್' ಪತ್ರಿಕೆಯಲ್ಲಿ ಬಂದ, 80 ರೋಗಿಗಳ ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ಹುಸಿ ಸೂಜಿ ಪಡೆದವರಿಗೂ ತೊಂದರೆ ಕಡಿಮೆಯಾಯಿತು. ಆದರೆ ಮಣಿಕಟ್ಟಿನಲ್ಲಿ ನರದ ಸಂಕೇತದ ವಿಳಂಬ ತಗ್ಗಿದ್ದು ನಿಜವಾದ ಎಲೆಕ್ಟ್ರೋ ಅಕ್ಯುಪಂಕ್ಚರ್ ಪಡೆದವರಲ್ಲಿ ಮಾತ್ರ, ಅದೂ ಸೂಜಿಯನ್ನು ದೂರದ ಕಾಲಿಗೆ ಹಾಕಿದಾಗಲೂ. ಈ ರೋಗದಲ್ಲಿ ಮಿದುಳಿನ ಸ್ಪರ್ಶಪ್ರದೇಶದಲ್ಲಿ ತೋರುಬೆರಳು, ನಡುಬೆರಳಿನ ಜಾಗಗಳು ಒಂದರ ಮೇಲೊಂದು ಬಿದ್ದಂತೆ ಹತ್ತಿರವಾಗುತ್ತವೆ. ಚಿಕಿತ್ಸೆಯ ಬಳಿಕ ಅವು ಬೇರ್ಪಟ್ಟಷ್ಟೂ, ಮೂರು ತಿಂಗಳ ನಂತರವೂ ಆರಾಮ ಉಳಿದಿತ್ತು.

ಹಾಗಾಗಿ ನನ್ನ ನಿಲುವು: ಸೌಮ್ಯ, ಮಧ್ಯಮ ಹಂತದವರಿಗೆ ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿಯ ಜೊತೆ ಸೂಜಿ ಕೊಡಬಹುದು. ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದ್ದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಜೋಮು ಒಂದು ಗಳಿಗೆಯೂ ಬಿಡದಿದ್ದರೆ ಸೂಜಿ ಹಿಡಿದು ಕೂರಬೇಡಿ. ಅದೇ ದಿನ ಶಸ್ತ್ರಚಿಕಿತ್ಸಕರಿಗೆ ಚೀಟಿ ಬರೆದುಕೊಡಿ. ಶಸ್ತ್ರಚಿಕಿತ್ಸೆಯಲ್ಲಿ ಸುರಂಗದ ಮೇಲಿನ ಅಡ್ಡಪಟ್ಟಿ ಬಿಡಿಸುವುದು ತಡವಾದರೆ ಬತ್ತಿದ ಸ್ನಾಯು ಪೂರ್ತಿ ಮರಳದಿರಬಹುದು.