ಮೆನು ಎಲ್ಲಿ ಹೋಯ್ತು? ಲಿನಕ್ಸ್ ಡೆಸ್ಕ್‌ಟಾಪ್‌ಗಳು ಇಷ್ಟೊಂದು ಆಗಿದ್ದು ಹೇಗೆ

ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳೋಣ ಎಂದು ಹೊರಟವರು ಡೌನ್‌ಲೋಡ್ ಪುಟದಲ್ಲೇ ನಿಂತುಬಿಡುತ್ತಾರೆ. ಗ್ನೋಮ್, ಕೆಡಿಇ, ಸಿನಮನ್, ಎಕ್ಸ್‌ಎಫ್‌ಸಿಇ, ಮಾಟೆ. ಇವುಗಳಲ್ಲಿ ಯಾವುದು ಬೇಕು? ತಿಳಿದವರನ್ನು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಅದರಲ್ಲಿ ಎಷ್ಟೋ ಉತ್ತರಗಳ ಹಿಂದೆ 2011ರ ಒಂದು ಹಳೇ ಸಿಟ್ಟು ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಹೊಸಬರಿಗೆ ಈ ಮಾತುಗಳೆಲ್ಲ ತಲೆಬುಡ ಇಲ್ಲದ ಜಗಳದಂತೆ ಕೇಳಿಸುತ್ತವೆ.

ಮೊದಲು ಇದು ಏನು ಅಂತ ನೋಡೋಣ. ಹೆದ್ದಾರಿಯಲ್ಲಿ ಬರೀ ಚಾಸಿ ಓಡಿಸಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಎಂಜಿನ್ ಇದೆ, ಚಕ್ರ ಇದೆ, ಸ್ಟೇರಿಂಗ್ ಇದೆ, ಬಾಡಿ ಇಲ್ಲ. ಅದರ ಮೇಲೆ ಬಸ್ಸಿನ ಬಾಡಿಯನ್ನೂ ಕಟ್ಟಬಹುದು, ಲಾರಿಯದನ್ನೂ ಕಟ್ಟಬಹುದು. ಲಿನಕ್ಸ್ ಕರ್ನೆಲ್ ಅಂಥ ಚಾಸಿ. ಪರದೆಯಲ್ಲಿ ಕಾಣುವ ಪಟ್ಟಿ, ಮೆನು, ವಿಂಡೋಗಳ ಅಂಚು, ಫೋಲ್ಡರ್ ತೆರೆದು ತೋರಿಸುವ ಪ್ರೋಗ್ರಾಂ, ಸೆಟ್ಟಿಂಗ್ಸ್ ಎಲ್ಲ ಸೇರಿದರೆ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್. ವಿಂಡೋಸ್‌ನಲ್ಲಿ ಚಾಸಿ, ಬಾಡಿ ಎರಡೂ ಒಂದೇ ಕಡೆಯಿಂದ ಬರುವುದರಿಂದ ಅವು ಬೇರೆ ಬೇರೆ ಎಂದು ನಮಗೆ ಹೊಳೆಯುವುದೇ ಇಲ್ಲ. ಲಿನಕ್ಸ್‌ನಲ್ಲಿ ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಡೆಸ್ಕ್‌ಟಾಪ್ ಇಟ್ಟುಕೊಳ್ಳಬಹುದು. ಗ್ನೋಮ್‌ನ ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಒತ್ತಿದರೆ ಮೂಲೆಯಲ್ಲಿ ಹಲ್ಲುಚಕ್ರದ ಚಿತ್ರ ಬರುತ್ತದೆ. ಅಲ್ಲಿಂದ ಬೇಕಾದ್ದನ್ನು ಆರಿಸಿದರಾಯಿತು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ನಡೆಯುತ್ತವೆ. ನಿಮ್ಮ ಫೈಲುಗಳೂ ಇದ್ದಲ್ಲೇ ಇರುತ್ತವೆ.

ಪರದೆಯ ಮೇಲೆ ವಿಂಡೋ ಬಿಡಿಸುವ ಎಕ್ಸ್ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಲಿನಕ್ಸ್ ಬಂದದ್ದು 1991ರಲ್ಲಿ. ಆಗ ಒಂದೊಂದು ಪ್ರೋಗ್ರಾಂ ಒಂದೊಂದು ಥರ ಕಾಣುತ್ತಿತ್ತು. ಒಂದರ ಬಟನ್ನಿಗೂ ಇನ್ನೊಂದರ ಬಟನ್ನಿಗೂ ಹೊಂದಿಕೆಯೇ ಇರಲಿಲ್ಲ. ಮನೆಮಂದಿಯೂ ಬಳಸುವಂಥ, ಎಲ್ಲವೂ ಒಂದೇ ರೀತಿ ಕಾಣುವಂಥ ಡೆಸ್ಕ್‌ಟಾಪ್ ಕಟ್ಟೋಣ ಬನ್ನಿ ಎಂದು 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಕರೆ ಕೊಟ್ಟರು. ಅದೇ ಕೆಡಿಇ. ಬಟನ್ನು, ಮೆನು ಕಟ್ಟಲು ಅವರು ಆರಿಸಿಕೊಂಡ ಸಾಮಗ್ರಿ ಕ್ಯೂಟಿ, ನಾರ್ವೆಯ ಟ್ರಾಲ್‌ಟೆಕ್ ಕಂಪನಿಯದು. ಅದರ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ, ಅಂದರೆ ಅದರ ಕೋಡನ್ನು ಬದಲಿಸಿ ಹಂಚಲು ಬಿಡುತ್ತಿರಲಿಲ್ಲ. ಮುಕ್ತ ಮನೆಯ ಅಡಿಪಾಯವೇ ಹೀಗಿದ್ದರೆ ಹೇಗೆ ಎಂಬ ತಕರಾರು ಎದ್ದಿತು. ಅದಕ್ಕೇ 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿಗೆ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಬಂತು, ತಕರಾರಿಗೆ ಕಾರಣವೇ ಉಳಿಯಲಿಲ್ಲ. ಅಷ್ಟರಲ್ಲಿ ಎರಡೂ ಮನೆಗಳಲ್ಲಿ ಜನ ಸಂಸಾರ ಹೂಡಿಯಾಗಿತ್ತು.

2002ರಲ್ಲಿ ಬಂದ ಗ್ನೋಮ್ 2 ಸುಮಾರು ಒಂಬತ್ತು ವರ್ಷ ಹೆಚ್ಚು ಬದಲಾಗದೆ ಉಳಿಯಿತು. 2004ರಲ್ಲಿ ಶುರುವಾದ ಉಬುಂಟು, ಅಂದರೆ ಲಿನಕ್ಸ್ ಮತ್ತು ಡೆಸ್ಕ್‌ಟಾಪ್ ಸೇರಿಸಿ ಕೊಡುವ ಒಂದು ಪ್ಯಾಕೇಜ್, ಅದನ್ನೇ ಹಾಕಿಕೊಂಡು ಬಂತು. ಕೇಳಿದವರಿಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಇಂಟರ್‌ನೆಟ್ ಕುಂಟುತ್ತಿದ್ದ ಆ ದಿನಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ಲಿನಕ್ಸ್ ಮುಖ ನೋಡಿದ್ದು ಹಾಗೆ. ಮೇಲೆ ಎಡಗಡೆ ಅಪ್ಲಿಕೇಶನ್ಸ್, ಪ್ಲೇಸಸ್, ಸಿಸ್ಟಮ್ ಎಂಬ ಮೂರು ಪದ. ಕೆಳಗೆ ತೆರೆದ ವಿಂಡೋಗಳ ಸಾಲು. ಅಷ್ಟೇ.

2010ರಲ್ಲಿ ನಾನು ಓದಿದ ಹೈಸ್ಕೂಲಿನ ಎಂಟು ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಟ್ಟಿದ್ದೆ. ಗಣಿತದ ಮೇಷ್ಟ್ರು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟರು. ಒಂದೊಂದು ಕೆಲಸಕ್ಕೂ ಒಂದೊಂದು ಪುಟ. 'ಅಪ್ಲಿಕೇಶನ್ಸ್, ಎಜುಕೇಶನ್, ಜಿಯೋಜೀಬ್ರಾ' ಎಂದು ಬರೆದು ಬಾಣ ಎಳೆದು, ಪಕ್ಕದಲ್ಲಿ ಮೆನುವಿನ ಚಿತ್ರ ಬಿಡಿಸಿದ್ದರು. ಮಕ್ಕಳು ಆ ಪುಟ ನೋಡಿಕೊಂಡೇ ಕಲಿತರು. ಮರುವರ್ಷ ರಜೆಗೆ ಊರಿಗೆ ಹೋದಾಗ ಹೊಸ ಆವೃತ್ತಿ ಹಾಕಿ ಬಂದೆ. ಮಾರನೇ ದಿನವೇ ಫೋನ್. "ಮೆನು ಎಲ್ಲಿ ಹೋಯ್ತಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆನು ನಿಜಕ್ಕೂ ಇರಲಿಲ್ಲ.

ಆ ವರ್ಷ, ಅಂದರೆ 2011ರ ಏಪ್ರಿಲ್‌ನಲ್ಲಿ ಎರಡು ಬದಲಾವಣೆ ಒಟ್ಟಿಗೇ ಬಂದಿದ್ದವು. 6ನೇ ತಾರೀಕು ಗ್ನೋಮ್ 3. ತಿಂಗಳ ಕೊನೆಗೆ ಉಬುಂಟು 11.04, ಅದರಲ್ಲಿ ಯೂನಿಟಿ ಎಂಬ ತನ್ನದೇ ಆದ ಡೆಸ್ಕ್‌ಟಾಪ್. ಮಾಡಿದವರ ವಾದದಲ್ಲೂ ಹುರುಳಿತ್ತು. ಲ್ಯಾಪ್‌ಟಾಪ್ ಪರದೆಗಳು ಅಗಲವಾಗಿದ್ದವು, ಎತ್ತರ ಕಮ್ಮಿಯಾಗಿತ್ತು. ಹಾಗಾಗಿ ಯೂನಿಟಿ ತನ್ನ ಪಟ್ಟಿಯನ್ನು ಎಡಗಡೆ ನಿಲ್ಲಿಸಿತು. ಟಚ್ ಪರದೆಗಳು ಬರುತ್ತಿದ್ದವು. ಹಳೆಯ ಕೋಡ್ ಭಾರವಾಗಿತ್ತು. ಮೆನುವಿನಲ್ಲಿ ಹುಡುಕುವುದಕ್ಕಿಂತ ಹೆಸರು ಟೈಪ್ ಮಾಡಿ ತೆರೆಯುವುದು ಬೇಗ ಎಂಬುದೂ ನಿಜ. ನಾನೂ ಈಗ ಹಾಗೇ ಮಾಡುತ್ತೇನೆ.

ಆದರೆ ಬದಲಾವಣೆ ಬಂದ ರೀತಿ ನೋಡಿ. ಗ್ನೋಮ್ 3ರಲ್ಲಿ ವಿಂಡೋ ಮೇಲಿನ ಮಿನಿಮೈಸ್, ಮ್ಯಾಕ್ಸಿಮೈಸ್ ಬಟನ್ನುಗಳು ಮಾಯವಾದವು. ಡೆಸ್ಕ್‌ಟಾಪ್ ಮೇಲೆ ಐಕಾನ್ ಇಲ್ಲ. ಕಂಪ್ಯೂಟರ್ ಆಫ್ ಮಾಡಲು ಹೋದರೆ ಕಾಣುತ್ತಿದ್ದದ್ದು ಸಸ್ಪೆಂಡ್ ಮಾತ್ರ. ಆಲ್ಟ್ ಕೀ ಒತ್ತಿ ಹಿಡಿದರಷ್ಟೇ ಪವರ್ ಆಫ್ ಬರುತ್ತಿತ್ತು. ಇದು ಯಾರಿಗೆ ತಾನೇ ಹೊಳೆಯುತ್ತದೆ? ಗ್ನೋಮ್ 2ರ ಕೆಲಸವೂ ನಿಂತಿತು. ಹಳೇ ಬಾಗಿಲನ್ನು ಇನ್ನೊಂದೆರಡು ವರ್ಷ ತೆರೆದಿಟ್ಟಿದ್ದರೆ ಜನ ನಿಧಾನವಾಗಿ ಹೊಸದಕ್ಕೆ ಬರುತ್ತಿದ್ದರು. ಕೈಗೆ ಕೂತ ಅಭ್ಯಾಸ ಸುಮ್ನೆ ಬರುವುದಿಲ್ಲ, ಅದಕ್ಕೂ ದುಡಿಮೆ ಬೇಕು. ಕಂಪ್ಯೂಟರನ್ನು ಭಯದಿಂದಲೇ ಮುಟ್ಟುವವರಿಗಂತೂ ಅಭ್ಯಾಸವೇ ಬಂಡವಾಳ. 2008ರ ಜನವರಿಯಲ್ಲಿ ಕೆಡಿಇ 4.0 ಇನ್ನೂ ಹದಕ್ಕೆ ಬರುವ ಮೊದಲೇ ಜನರ ಕೈಗೆ ಸಿಕ್ಕಿ ಇದೇ ಪಾಡಾಗಿತ್ತು. ಆ ಪಾಠ ಮೂರೇ ವರ್ಷಕ್ಕೆ ಮರೆತುಹೋಗಿತ್ತು.

ಇವತ್ತಿನ ಪಟ್ಟಿಯ ಎರಡು ಹೆಸರುಗಳು ಇಲ್ಲಿಂದಲೇ ಹುಟ್ಟಿದವು. ಗ್ನೋಮ್ 2ರ ಕೋಡನ್ನೇ ಎತ್ತಿಕೊಂಡು ಕೆಲವರು ಮಾಟೆ ಮಾಡಿದರು. ಹೊಸ ಗ್ನೋಮ್ ಜೊತೆ ಡಿಕ್ಕಿಯಾಗದಿರಲಿ ಎಂದು ಎಲ್ಲದಕ್ಕೂ ಬೇರೆ ಹೆಸರಿಟ್ಟರು. ಫೋಲ್ಡರ್ ತೋರಿಸುತ್ತಿದ್ದ ನಾಟಿಲಸ್ ಕಾಹಾ ಆಯಿತು, ಟೈಪ್ ಮಾಡುವ ಎಡಿಟರ್ ಜಿಎಡಿಟ್ ಪ್ಲೂಮಾ ಆಯಿತು. ಉಬುಂಟುವಿನಂಥದೇ ಇನ್ನೊಂದಾದ ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ತಂತ್ರಜ್ಞಾನದ ಮೇಲೆ ಹಳೇ ವಿನ್ಯಾಸ ಕೂರಿಸಿ ಸಿನಮನ್ ಕಟ್ಟಿದರು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3 ಬಿಟ್ಟು ಸ್ವಲ್ಪ ಕಾಲ ಎಕ್ಸ್‌ಎಫ್‌ಸಿಇಗೆ ಹೋದರು. ಅದು 1996ರಿಂದಲೂ ಸದ್ದಿಲ್ಲದೆ, ಹಗುರವಾಗಿ ನಡೆದುಕೊಂಡು ಬಂದಿತ್ತು. ಶಾಲೆಗೆ ನಾನು ಹಾಕಿಕೊಟ್ಟದ್ದು ಮಾಟೆ. ಮೂರು ಪದಗಳು ಮತ್ತೆ ಅದೇ ಮೂಲೆಗೆ ಬಂದವು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಎರಡು ಹೆಸರು ಹೊಡೆದುಹಾಕಿ ಹೊಸದು ಬರೆದರು. ಬಾಣಗಳನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

2017ರಲ್ಲಿ ಉಬುಂಟು ಯೂನಿಟಿಯನ್ನು ಬಿಟ್ಟು ಗ್ನೋಮ್‌ಗೆ ಮರಳಿತು. ಎಡಗಡೆಯ ಪಟ್ಟಿ ಮಾತ್ರ ಹಾಗೇ ಉಳಿಯಿತು. ಗ್ನೋಮ್ ಈಗ ಮಾಗಿದೆ, ಪವರ್ ಆಫ್ ಕಣ್ಣೆದುರೇ ಇದೆ. ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ 2024ರಲ್ಲಿ ಆರನೇ ಆವೃತ್ತಿಗೆ ಬಂತು. ವಿಂಡೋಸ್‌ನಿಂದ ಬರುವವರಿಗೆ ಅದೋ ಸಿನಮನ್ನೋ ಬೇಗ ಕೈಗೆ ಹತ್ತುತ್ತದೆ.

ಈಗ ಬದಲಾಗುತ್ತಿರುವುದು ಇನ್ನೂ ಕೆಳಗಿನ ಪದರ. ಹಳೆಯ ಎಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರಲ್ಲಿ ನೀವು ಟೈಪ್ ಮಾಡುವುದನ್ನು ಕದ್ದು ನೋಡಬಹುದು. ಅದನ್ನು ತಡೆಯುವ, ಎಕ್ಸ್ ಜಾಗಕ್ಕೆ ಬರುವ ವೇಲ್ಯಾಂಡ್ ಕೆಲಸ 2008ರಲ್ಲೇ ಶುರುವಾಗಿತ್ತು. 2025ರ ಅಕ್ಟೋಬರ್‌ನ ಉಬುಂಟು 25.10ರಲ್ಲಿ ಗ್ನೋಮ್ ಅನ್ನು ಹಳೆಯ ಎಕ್ಸ್ ಮೇಲೆ ಓಡಿಸುವ ಆಯ್ಕೆಯೇ ಇಲ್ಲ. ಇದು ಕನ್ನಡ ಟೈಪ್ ಮಾಡುವವರಿಗೆ ನೇರವಾಗಿ ತಟ್ಟುತ್ತದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಒಂದು ಸಾಲಿನ ಆದೇಶದಿಂದ ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸುತ್ತಿದ್ದವರಿಗೆ ಆ ದಾರಿ ಇನ್ನು ಕೆಲಸಕ್ಕೆ ಬರುವುದಿಲ್ಲ. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗಕ್ಕೆ ಹೋಗಿ ಇನ್‌ಪುಟ್ ಸೋರ್ಸ್ ಪಟ್ಟಿಗೆ ಕನ್ನಡ ಕಗಪ ಸೇರಿಸಿದರೆ ಸಾಕು. ಪ್ಲಾಸ್ಮಾದಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನ ಬೇಕಾದರೆ ವರ್ಚುವಲ್ ಕೀಬೋರ್ಡ್ ಎಂಬ ಪುಟದಲ್ಲಿ ಅದನ್ನು ಆರಿಸಬೇಕು. ಅದು ಅಲ್ಲಿರುತ್ತದೆ ಅಂತ ಹೊಸಬರು ಹೇಗೆ ಊಹಿಸಬೇಕು ಅಲ್ವಾ? ಅದಕ್ಕೇ ಯಾವುದೇ ಡೆಸ್ಕ್‌ಟಾಪ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ, ಎಡಿಟರ್ ತೆರೆದು 'ಸೂರ್ಯ', 'ಸ್ತ್ರೀ' ಎಂದು ಟೈಪ್ ಮಾಡಿ ನೋಡಿ. ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಮೂಡಿದರೆ ಮುಂದಕ್ಕೆ ಹೋಗಿ.