ಪ್ರೆಸ್‌ನಲ್ಲಿ ಹಾಳೆ ಕೆಟ್ಟರೆ: ಲೋಡ್ ಏರಿಸುವ ಮೊದಲು

ಕಾಗದದ ಯಂತ್ರದಲ್ಲಿ ವೈರ್ (ನೀರು ಬಸಿಯುವ ಜಾಲರಿ) ಬಿಟ್ಟು ಪ್ರೆಸ್‌ಗೆ (ಹಿಂಡುವ ಭಾಗ) ಬರುವ ಹಾಳೆಯಲ್ಲಿ ನೂರಕ್ಕೆ ಸುಮಾರು 20 ಪಾಲು ಮಾತ್ರ ನಾರು, ಉಳಿದದ್ದು ನೀರು. ಫೆಲ್ಟ್ (ನೀರು ಹೀರುವ ದಪ್ಪ ಬಟ್ಟೆ) ಜೊತೆ ರೋಲ್‌ಗಳ ನಡುವೆ ಹಿಂಡಿದರೆ ಆ 20 ಹೋಗಿ 40, 50 ಆಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ನಾನು ಎಡವಿದ್ದು ಕ್ರಷಿಂಗ್‌ನಲ್ಲಿ, ಅಂದರೆ ಹಿಂಡುವಾಗ ಹಾಳೆ ಒಳಗೇ ಕದಡಿಹೋಗುವ ದೋಷದಲ್ಲಿ. ಹಾಳೆಯನ್ನು ಬೆಳಕಿಗೆ ಹಿಡಿದರೆ ಮೋಡ ಮೋಡವಾಗಿ ಕಾಣುತ್ತದೆ, ನಾರು ಅತ್ತಿತ್ತ ಸರಿದಿರುತ್ತದೆ. ಹಾಳೆ ಜಾಸ್ತಿ ಒದ್ದೆ, ಅಂದಮೇಲೆ ಇನ್ನೂ ಜೋರಾಗಿ ಹಿಂಡಬೇಕು ಅಲ್ವಾ? ನಾನೂ ಹಾಗೇ ಬರೆದು ಅಂಕ ಕಳೆದುಕೊಂಡೆ.

ಕೆಸರು ತುಳಿದದ್ದು ನೆನಪಿಸಿಕೊಳ್ಳಿ. ದಪ್ ಅಂತ ಕಾಲಿಟ್ಟರೆ ನೀರೊಂದೇ ಹೋಗುವುದಿಲ್ಲ, ಮಣ್ಣನ್ನೂ ಹೊತ್ತುಕೊಂಡು ಬೆರಳ ಸಂದಿಯಿಂದ ಮೇಲೆ ನುಗ್ಗುತ್ತದೆ. ನಿಪ್‌ನಲ್ಲೂ (ಎರಡು ರೋಲ್ ಒತ್ತಿಕೊಳ್ಳುವ ಜಾಗ) ಇದೇ ಕಥೆ. ಫೆಲ್ಟ್‌ಗೆ ಇಳಿಯಲು ದಾರಿ ಸಾಲದೆ ಹೋದರೆ ನೀರು ಹಿಂದಕ್ಕೆ, ಪಕ್ಕಕ್ಕೆ ಹರಿಯುತ್ತದೆ. ಹಾಳೆ ಇನ್ನೂ ಬಲಹೀನ, ನಾರು ಅದರ ಜೊತೆಗೇ ಜಾರುತ್ತದೆ. ಲೋಡ್ (ರೋಲ್‌ಗಳನ್ನು ಒತ್ತುವ ಬಲ) ಏರಿಸಿದರೆ ಆ ನೀರಿನ ಒತ್ತಡವೇ ಏರುತ್ತದೆ. ಹಾಗಾಗಿ ಮೊದಲ ಪ್ರೆಸ್‌ನ ಲೋಡ್ ಇಳಿಸಿ, ಆಮೇಲೆ ಕಾರಣ ಹುಡುಕಿ.

ಕಾರಣ ಎರಡು ಕಡೆ ಇರಬಹುದು. ನೀರೇ ಜಾಸ್ತಿ ಬರುತ್ತಿದೆ: ವೈರ್‌ನ ಕೊನೆಯಲ್ಲಿ ನೀರು ಹೀರುವ ಕೌಚ್ ರೋಲ್‌ನ ವ್ಯಾಕ್ಯೂಮ್ ಬಿದ್ದಿದೆ, ಇಲ್ಲವೇ ಪಲ್ಪ್ (ನಾರಿನ ತಿರುಳು) ಅತಿಯಾಗಿ ರಿಫೈನ್ ಆಗಿ, ಅಂದರೆ ಅರೆದುಹೋಗಿ, ನೀರು ಬಿಡುತ್ತಿಲ್ಲ. ಅಥವಾ ಫೆಲ್ಟ್‌ನ ರಂಧ್ರಗಳು ಕಟ್ಟಿಕೊಂಡು ಅದು ನೀರು ಕುಡಿಯುತ್ತಿಲ್ಲ. ಇಲ್ಲೂ ಒಂದು ಮೋಸವಿದೆ. ಫೆಲ್ಟ್ ಕಟ್ಟಿಕೊಂಡರೆ ಅದರಿಂದ ನೀರು ಹೀರುವ ಸಕ್ಷನ್ ಬಾಕ್ಸ್‌ನ ವ್ಯಾಕ್ಯೂಮ್ ಗೇಜ್ ಸಾಮಾನ್ಯವಾಗಿ ಮೇಲೇರುತ್ತದೆ. ಗಾಳಿ ದಾಟಲು ಆಗುತ್ತಿಲ್ಲ, ಅಷ್ಟೇ. "ವ್ಯಾಕ್ಯೂಮ್ ಚೆನ್ನಾಗಿದೆ" ಅಂತ ಸುಮ್ನೆ ಖುಷಿಪಡಬೇಡಿ, ಫೆಲ್ಟ್ ತೊಳೆಯುವ ಶವರ್ ನಾಝಲ್‌ಗಳನ್ನು ನೋಡಿ.

ಅಂಚು ಒಣಗಿ ನಡು ಒದ್ದೆ ಇದ್ದರೆ, ಆ ಲೋಡ್‌ಗೆ ರೋಲ್‌ನ ಕ್ರೌನ್ (ನಡುವಿನ ಉಬ್ಬು) ಸಾಲದು. ನಡು ಒಣಗಿ ಅಂಚು ಒದ್ದೆ ಇದ್ದರೆ ಕ್ರೌನ್ ಜಾಸ್ತಿ. ಹಾಳೆ ರೋಲ್‌ಗೆ ಅಂಟಿ ಕೀಳುತ್ತಿದ್ದರೆ ಡಾಕ್ಟರ್ ಬ್ಲೇಡ್ (ರೋಲ್ ಕೆರೆದು ಶುಚಿ ಮಾಡುವ ಪಟ್ಟಿ) ಮತ್ತು ರೋಲ್‌ನ ಮೈ ನೋಡಿ.

ನನ್ನ ಮೆಚ್ಚಿನ ಉಪಾಯ ಇದು. ಒಂದೇ ಕಲೆ ಮತ್ತೆ ಮತ್ತೆ ಬರುತ್ತಿದ್ದರೆ ಎರಡು ಕಲೆಗಳ ನಡುವಿನ ದೂರ ಅಳೆದು 3.14ರಿಂದ ಭಾಗಿಸಿ. ದೂರ 2.5 ಮೀಟರ್ ಇದ್ದರೆ ಸುಮಾರು 0.8 ಮೀಟರ್ ವ್ಯಾಸದ ರೋಲ್ ಹುಡುಕಿ. ದೂರ ಫೆಲ್ಟ್‌ನ ಪೂರ್ತಿ ಉದ್ದಕ್ಕೆ ಸರಿಹೊಂದಿದರೆ ಫೆಲ್ಟ್‌ನಲ್ಲೇ ಗಾಯವಿದೆ. ವ್ಯಾಸ ಹತ್ತಿರಹತ್ತಿರ ಇರುವ ಎರಡು ರೋಲ್ ಇದ್ದಾಗ ಮಾತ್ರ ಲೆಕ್ಕ ಕೈಕೊಡುತ್ತದೆ. ಡ್ರಾನಲ್ಲಿ (ಒಂದು ರೋಲ್‌ನಿಂದ ಮುಂದಕ್ಕೆ ಎಳೆಯುವಾಗ) ಹಾಳೆ ಕೊಂಚ ಹಿಗ್ಗಿರುತ್ತದಲ್ಲ, ಅದಕ್ಕೆ.