ಫಾಸ್ಫೇಟ್ ಹಿಡಿಯುವ ಬಿಳಿ ಪುಡಿ: ಲ್ಯಾಂಥನಂ ಹೈಡ್ರಾಕ್ಸೈಡ್

ಕೆರೆ ನೀರಿನಿಂದ ಫಾಸ್ಫೇಟ್ ತೆಗೆಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಕಡಲತೀರದ ಮರಳಿನಿಂದಲೇ ಮಾತು ಶುರು ಮಾಡುತ್ತೇನೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಮರಳಿನಲ್ಲಿ ಮೊನಝೈಟ್ ಎಂಬ ಖನಿಜವಿದೆ. ಅದು ಲ್ಯಾಂಥನಂ, ಸೀರಿಯಂ ಮೊದಲಾದ ವಿರಳ ಭೂಧಾತುಗಳ ಫಾಸ್ಫೇಟ್. ಜೊತೆಗೆ ಥೋರಿಯಂ ಕೂಡ ಇರುತ್ತದೆ. ನೀರಿಗೆ ಅದು ಜಗ್ಗುವುದೇ ಇಲ್ಲ. ನುಣ್ಣಗೆ ಅರೆದು, ಗಾಢ ಕಾಸ್ಟಿಕ್ ಸೋಡಾದಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದಾಗ ಮಾತ್ರ ಫಾಸ್ಫೇಟ್ ಬೇರ್ಪಟ್ಟು ನೀರಿಗೆ ಬರುತ್ತದೆ, ಧಾತುಗಳು ಹೈಡ್ರಾಕ್ಸೈಡ್ ರೂಪದಲ್ಲಿ ತಳದಲ್ಲಿ ಉಳಿಯುತ್ತವೆ. ಇಷ್ಟು ಕಷ್ಟಪಟ್ಟು ಬಿಡಿಸಿದ ಆ ನಂಟನ್ನು ಲ್ಯಾಂಥನಂ ಹೈಡ್ರಾಕ್ಸೈಡ್ ಅವಕಾಶ ಸಿಕ್ಕಿದೊಡನೆ ಮತ್ತೆ ಕೂಡಿಸಿಕೊಳ್ಳುತ್ತದೆ. ಅದರ ಉಪಯೋಗದ ಗುಟ್ಟು ಇಲ್ಲಿದೆ.

ಪ್ರಯೋಗಾಲಯದಲ್ಲಿ ಇದನ್ನು ತಯಾರಿಸುವುದು ಸುಲಭ, ಚೆನ್ನಾಗಿ ತಯಾರಿಸುವುದು ಕಷ್ಟ. ಲ್ಯಾಂಥನಂ ನೈಟ್ರೇಟ್ ದ್ರಾವಣವನ್ನು ಕ್ಷಾರಕ್ಕೆ ಹನಿಹನಿಯಾಗಿ ಸೇರಿಸಬೇಕು. ಕ್ಷಾರವನ್ನೇ ಲವಣಕ್ಕೆ ಸುರಿದರೆ ಮೊದಲಿಗೆ ನೈಟ್ರೇಟ್ ಒಳಗೇ ಸಿಕ್ಕಿಕೊಂಡ ಕ್ಷಾರೀಯ ಲವಣ ಬೀಳುತ್ತದೆ. ಆಮೇಲೆ ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಹೊಸ ಪ್ರಕ್ಷೇಪ, ಅಂದರೆ ದ್ರಾವಣದಿಂದ ಬೇರ್ಪಟ್ಟು ಬೀಳುವ ಘನವಸ್ತು, ಲೋಳೆಯಂತಿದ್ದು ಫಿಲ್ಟರ್ ಪೇಪರನ್ನು ಕಟ್ಟಿಹಾಕುತ್ತದೆ. ಅದೇ ಕ್ಷಾರದಲ್ಲಿ ಬಿಸಿಯಾಗಿ ಇಟ್ಟು ಹಣ್ಣಾಗಲು ಬಿಟ್ಟರೆ ಕಡ್ಡಿಯಾಕಾರದ ಹರಳುಗಳಾಗಿ ಸಲೀಸಾಗಿ ಸೋಸಿ ಬರುತ್ತದೆ. ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು, ಇಲ್ಲವಾದರೆ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗುತ್ತದೆ. ತೊಳೆದ ಒದ್ದೆ ಪುಡಿ ಗಾಳಿಯಲ್ಲಿ ಹಳದಿಗೆ ತಿರುಗಿದರೆ ಅದರಲ್ಲಿ ಸೀರಿಯಂ ಉಳಿದಿದೆಯೇ ಎಂದು ಮೊದಲು ನೋಡಿ. ಶುದ್ಧ ಲ್ಯಾಂಥನಂ ಹೈಡ್ರಾಕ್ಸೈಡ್ ಬೆಳ್ಳಗೇ ಇರುತ್ತದೆ.

ಇನ್ನೊಂದು ದಾರಿ ಆಕ್ಸೈಡ್‌ಗೆ ನೀರು ಕುಡಿಸುವುದು. ಈಗಷ್ಟೇ ಕುಲುಮೆಯಿಂದ ತೆಗೆದು ಆರಿಸಿದ ಲ್ಯಾಂಥನಂ ಆಕ್ಸೈಡ್, ನೀರು ಬಿದ್ದ ಸುಟ್ಟ ಸುಣ್ಣದಂತೆ ಬಿಸಿಯಾಗಿ ಅರಳುತ್ತದೆ. ಗಾಳಿಯ ತೇವವೊಂದೇ ಸಿಕ್ಕರೂ ಇದೇ ಕ್ರಿಯೆ ನಿಧಾನವಾಗಿ ನಡೆಯುತ್ತದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. 100 ಗ್ರಾಂ ಆಕ್ಸೈಡ್ ಪೂರ್ತಿ ಹೈಡ್ರಾಕ್ಸೈಡ್ ಆದರೆ 116.6 ಗ್ರಾಂ ತೂಗುತ್ತದೆ. ಹಳೆಯ ಬಾಟಲಿಯ ಚೀಟಿ ನಂಬಿ ತೂಗಿದವರಿಗೆ ಶೇ 14ರಷ್ಟು ಲ್ಯಾಂಥನಂ ಕಡಿಮೆ ಬೀಳುತ್ತದೆ. ಹಾಗಾಗಿ ಆಕ್ಸೈಡನ್ನು ತೂಗುವ ಮೊದಲು 900 ಡಿಗ್ರಿಗೆ ಮೇಲೆ ಕಾಯಿಸಿ, ಡೆಸಿಕೇಟರ್‌ನಲ್ಲಿ (ಒಳಗಿನ ತೇವ ಹೀರಿಕೊಳ್ಳುವ ಮುಚ್ಚಿದ ಪಾತ್ರೆ) ಆರಿಸಲೇಬೇಕು. ಹೈಡ್ರಾಕ್ಸೈಡ್ ಬಾಟಲಿಗೂ ಒಂದು ಪರೀಕ್ಷೆ ಇದೆ: ಚಿಟಿಕೆ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡಿ. ಸದ್ದಿಲ್ಲದೆ ಕರಗಿದರೆ ಸರಕು ಒಳ್ಳೆಯದು. ಗುಳ್ಳೆ ಎದ್ದರೆ ಕಾರ್ಬೊನೇಟ್ ಸೇರಿದೆ.

ಫಾಸ್ಫೇಟ್ ಹಿಡಿಯುವ ಈ ಗುಣವನ್ನು ವೈದ್ಯರೂ ಬಳಸಿದ್ದಾರೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಫಾಸ್ಫೇಟ್ ಏರದಂತೆ ಕೊಡುವ ಲ್ಯಾಂಥನಂ ಕಾರ್ಬೊನೇಟ್ ಮಾತ್ರೆಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ಕೆರೆಗಳಿಗಾಗಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು 1990ರ ದಶಕದಲ್ಲಿ ಲ್ಯಾಂಥನಂ ಬೆರೆಸಿದ ಬೆಂಟೊನೈಟ್ ಜೇಡಿಯನ್ನು ರೂಪಿಸಿದರು. ನೀರಿನಲ್ಲಿ ಹುಟ್ಟುವ ಜಲಯುಕ್ತ ಲ್ಯಾಂಥನಂ ಫಾಸ್ಫೇಟ್ ಮೊನಝೈಟ್‌ನ ಹತ್ತಿರದ ಬಂಧು. ತಳ ಸೇರಿದ ಮೇಲೆ ಅದು ಸುಲಭಕ್ಕೆ ಕರಗುವುದಿಲ್ಲ.

ಹಾಗಾದರೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇದನ್ನು ಸುರಿಯಬಹುದಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಕೊಳಚೆ ಹರಿದು ಬರುತ್ತಿರುವಷ್ಟು ದಿನ ಬೇಡವೇ ಬೇಡ ಎನ್ನುತ್ತೇನೆ. ಲೆಕ್ಕ ನೋಡಿ: ಫಾಸ್ಫೇಟ್‌ನಲ್ಲಿರುವ ಒಂದು ಕಿಲೋ ರಂಜಕ (ಫಾಸ್ಫರಸ್) ಹಿಡಿಯಲು ಕಾಗದದ ಮೇಲೆಯೇ ಸುಮಾರು 6.1 ಕಿಲೋ ಹೈಡ್ರಾಕ್ಸೈಡ್ ಬೇಕು. ನಿಜವಾದ ಕೆರೆಯಲ್ಲಿ ಕಾರ್ಬೊನೇಟ್ ಮತ್ತು ಕೊಳೆತ ಸಾವಯವ ವಸ್ತುಗಳು ತಮ್ಮ ಪಾಲು ಕಸಿಯುವುದರಿಂದ ಇನ್ನೂ ಹೆಚ್ಚು ಬೇಕಾಗುತ್ತದೆ. ನೀರಿನ ಕ್ಷಾರತೆ ಏರಿದಂತೆ ಹಿಡಿತವೂ ಸಡಿಲವಾಗುತ್ತದೆ. ಮೆದು ನೀರಿನಲ್ಲಿ ಕರಗಿ ಉಳಿದ ಲ್ಯಾಂಥನಂ ಸಣ್ಣ ಜಲಚರಗಳಿಗೆ ವಿಷವಾಗಬಲ್ಲದು. ಒಳಹರಿವು ಶುದ್ಧವಾದ ಮೇಲೂ ತಳದ ಹೂಳಿನಿಂದ ಫಾಸ್ಫೇಟ್ ಜಿನುಗುತ್ತಿರುವ ಕೆರೆಗೆ, ನೀರನ್ನೂ ಹೂಳನ್ನೂ ಪರೀಕ್ಷಿಸಿ ಪ್ರಮಾಣ ನಿಗದಿ ಮಾಡಿದ ನಂತರವಷ್ಟೇ ಇದನ್ನು ಹಾಕಬೇಕು.